ಚೀನಾದ ಕಾರ್ಖಾನೆ ಲೆಕ್ಕ ಓದುವುದು ಹೇಗೆ?

ಚೀನಾದ ಕೈಗಾರಿಕೆ ಯಾವ ಕಡೆ ಸಾಗುತ್ತಿದೆ ಎಂದು ತಿಳಿಯಲು ಸುದ್ದಿ ಶೀರ್ಷಿಕೆ ನಂಬಬೇಕಿಲ್ಲ. ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಬ್ಯೂರೊ ಮತ್ತು ಕಸ್ಟಮ್ಸ್ ಇಲಾಖೆಯ ಇಂಗ್ಲಿಷ್ ಜಾಲತಾಣಗಳಲ್ಲಿ ಮೂಲ ಅಂಕಿಗಳು ಉಚಿತವಾಗಿ ಸಿಗುತ್ತವೆ. ಎಕ್ಸೆಲ್‌ನಲ್ಲಿ ಐದು ಕಾಲಂ ಹಾಕಿಕೊಳ್ಳಿ: ಪಿಎಂಐ (ಕಂಪನಿಗಳ ಖರೀದಿ ವ್ಯವಸ್ಥಾಪಕರನ್ನು ಕೇಳಿ ತಯಾರಿಸುವ ಸೂಚ್ಯಂಕ), ಹೊಸ ರಫ್ತು ಆರ್ಡರ್, ಕಾರ್ಖಾನೆ ಬೆಲೆ (ಮಾಲು ಕಾರ್ಖಾನೆ ಬಿಡುವಾಗಿನ ದರ), ರಫ್ತಿನ ಪ್ರಮಾಣ, ರಫ್ತಿನ ಮೌಲ್ಯ. ತಿಂಗಳಿಗೆ ಒಂದು ಗಂಟೆ ಕೂತರೆ ಸಾಕು.

ಮೊದಲು ಬರುವುದು ಪಿಎಂಐ. ಸಾಮಾನ್ಯವಾಗಿ ತಿಂಗಳ ಕೊನೆಯ ದಿನ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 7ಕ್ಕೆ. ಇದರಲ್ಲಿ ಹೊಸ ಆರ್ಡರ್‌ಗೆ 30%, ಉತ್ಪಾದನೆಗೆ 25%, ಉದ್ಯೋಗಕ್ಕೆ 20%, ಸರಕು ಪೂರೈಕೆಯ ವೇಗಕ್ಕೆ 15%, ಕಚ್ಚಾವಸ್ತು ದಾಸ್ತಾನಿಗೆ 10% ತೂಕ. 50ರ ಮೇಲಿದ್ದರೆ ಹಿಂದಿನ ತಿಂಗಳಿಗಿಂತ ಸುಧಾರಣೆ, ಕೆಳಗಿದ್ದರೆ ಹಿನ್ನಡೆ. ಎಷ್ಟು ಕಂಪನಿಗಳು ಹಾಗೆ ಹೇಳಿದವು ಎಂಬುದಷ್ಟೇ ಇಲ್ಲಿನ ಲೆಕ್ಕ, 50.2 ಎಂದರೆ 0.2% ಬೆಳವಣಿಗೆ ಎಂದು ಓದಬೇಡಿ. ರಫ್ತು ಆರ್ಡರ್ ಈ ಐದರಲ್ಲಿ ಸೇರಿಲ್ಲ, ಅದಕ್ಕೇ ಬೇರೆ ಕಾಲಂ.

ಜನವರಿ, ಫೆಬ್ರವರಿಯಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಚೀನೀ ಹೊಸವರ್ಷ 2024ರಲ್ಲಿ ಫೆಬ್ರವರಿ 10ಕ್ಕೆ ಬಂತು, 2025ರಲ್ಲಿ ಜನವರಿ 29ಕ್ಕೆ. ಕಾರ್ಮಿಕರು ಊರಿಗೆ ಹೊರಟರೆ ಯಂತ್ರ ನಿಲ್ಲುತ್ತದೆ. 2025ರ ಜನವರಿಯಲ್ಲಿ ಪಿಎಂಐ 49.1ಕ್ಕೆ ಇಳಿದು, ಫೆಬ್ರವರಿಯಲ್ಲೇ 50.2ಕ್ಕೆ ಏರಿತು. ಆದ್ದರಿಂದ ರಫ್ತು, ಉತ್ಪಾದನೆ ಎರಡರಲ್ಲೂ ಈ ಎರಡು ತಿಂಗಳನ್ನು ಕೂಡಿಸಿ, ಹಿಂದಿನ ವರ್ಷದ ಅದೇ ಮೊತ್ತದ ಜತೆ ತಾಳೆ ನೋಡಿ.

ಮುಂದಿನ ತಿಂಗಳ ಮೊದಲೆರಡು ವಾರಗಳಲ್ಲಿ ಕಸ್ಟಮ್ಸ್ ಅಂಕಿ ಬರುತ್ತದೆ. ಒಟ್ಟು ಮೊತ್ತಕ್ಕೆ ನಿಲ್ಲದೆ ಸರಕು ಹೋದ ದೇಶವನ್ನೂ ನೋಡಿ. ಅಮೆರಿಕದ ಸುಂಕ ಬಿದ್ದ 2025ರ ಏಪ್ರಿಲ್‌ನಲ್ಲಿ ರಫ್ತು ಆರ್ಡರ್ ಸೂಚ್ಯಂಕ 44.7ಕ್ಕೆ ಕುಸಿದಿತ್ತು. ಆ ತಿಂಗಳು ಹಿಂದಿನ ವರ್ಷದ ಏಪ್ರಿಲ್‌ಗಿಂತ ಅಮೆರಿಕಕ್ಕೆ ರಫ್ತು 21% ಇಳಿದರೂ ಒಟ್ಟು ರಫ್ತು 8.1% ಏರಿತು, ವಿಯೆಟ್ನಾಂ ಸೇರಿದಂತೆ ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳಿಗೆ ಸುಮಾರು 21% ಹೆಚ್ಚು ಹೋಯಿತು. ಅದರಲ್ಲಿ ಎಷ್ಟು ಅಲ್ಲೇ ಬಳಕೆಯಾಯಿತು, ಎಷ್ಟು ಬಿಡಿಭಾಗವಾಗಿ ಹೋಗಿ ಬೇರೆ ದೇಶದ ಮುದ್ರೆಯಲ್ಲಿ ಅಮೆರಿಕ ಸೇರಿತು ಎಂಬುದು ಚೀನಾದ ಲೆಕ್ಕದಲ್ಲಿ ಕಾಣುವುದಿಲ್ಲ. ವಿಯೆಟ್ನಾಂ ಚೀನಾದಿಂದ ತರಿಸಿದ್ದನ್ನೂ ಅಮೆರಿಕಕ್ಕೆ ಕಳಿಸಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಪ್ರಮಾಣವನ್ನೂ ಬೆಲೆಯನ್ನೂ ಒಟ್ಟಿಗೆ ಓದುವುದು. ಉಕ್ಕನ್ನೇ ತೆಗೆದುಕೊಳ್ಳಿ. 2023ರಲ್ಲಿ ಚೀನಾ 9.03 ಕೋಟಿ ಟನ್ ರಫ್ತು ಮಾಡಿತು, ಟನ್ನಿಗೆ ಸರಾಸರಿ ಸುಮಾರು 937 ಡಾಲರ್. 2024ರಲ್ಲಿ 11.07 ಕೋಟಿ ಟನ್, ಸುಮಾರು 755 ಡಾಲರ್. ಗುಣಿಸಿ ನೋಡಿ: ಎರಡು ವರ್ಷವೂ ಬಂದ ಹಣ ಹತ್ತಿರಹತ್ತಿರ 8,400 ಕೋಟಿ ಡಾಲರ್. ಎರಡು ಕೋಟಿ ಟನ್ ಹೆಚ್ಚು ಕಳಿಸಿಯೂ ಗಳಿಕೆ ಏರಲಿಲ್ಲ. 2021ರಿಂದ ಅಲ್ಲಿ ಮನೆ ನಿರ್ಮಾಣ ಕುಸಿದು ಉಕ್ಕಿನ ಕಂಬಿಗೆ ಗಿರಾಕಿ ಕಡಿಮೆ. ಊದುಕುಲುಮೆಯನ್ನು (ಬ್ಲಾಸ್ಟ್ ಫರ್ನೇಸ್) ಆರಿಸಿ ಮತ್ತೆ ಹೊತ್ತಿಸುವುದು ಬಲು ದುಬಾರಿ. ಉದ್ಯೋಗ, ತೆರಿಗೆ ಹೋದೀತೆಂದು ಸ್ಥಳೀಯ ಆಡಳಿತವೂ ಮುಚ್ಚಗೊಡದು. ಉಳಿದ ಮಾಲು ಹಡಗು ಹತ್ತುತ್ತದೆ. ಭಾರತ 2025ರ ಏಪ್ರಿಲ್‌ನಲ್ಲಿ ಹಲವು ಬಗೆಯ ಉಕ್ಕಿನ ಮೇಲೆ 12% ತಾತ್ಕಾಲಿಕ ಸುರಕ್ಷತಾ ಸುಂಕ ಹಾಕಿದ್ದು ಇಂಥ ಆಮದಿನ ಒತ್ತಡಕ್ಕೇ. ಬಳ್ಳಾರಿ ಕಡೆಯ ತೋರಣಗಲ್ಲಿನ ಕುಲುಮೆಗಳಿಗೂ ಈ ಬೆಲೆ ಮುಟ್ಟುತ್ತದೆ. ಪ್ರಮಾಣ ಏರಿ ಕಾರ್ಖಾನೆ ಬೆಲೆ ಇಳಿಯುತ್ತಿದ್ದರೆ ಆ ತಿಂಗಳ ಮುಂದೆ ಕೆಂಪು ಗುರುತು ಹಾಕಿ.

ಆದರೆ ಇದೇ ಅಳತೆಗೋಲನ್ನು ಎಲ್ಲದಕ್ಕೂ ಹಿಡಿಯಬೇಡಿ. ವಿದ್ಯುತ್ ಮೋಟಾರುಗಳಿಗೆ ಬೇಕಾಗುವ ಬಲವಾದ ಅಯಸ್ಕಾಂತವಾದ ರೇರ್ ಅರ್ಥ್ ಮ್ಯಾಗ್ನೆಟ್‌ನ ರಫ್ತು ಮೌಲ್ಯ ಉಕ್ಕಿನ ಮುಂದೆ ಏನೂ ಅಲ್ಲ. 2025ರ ಏಪ್ರಿಲ್ 4ರಂದು ಚೀನಾ ಇವುಗಳಲ್ಲಿ ಕೆಲವಕ್ಕೆ ಲೈಸೆನ್ಸ್ ಕಡ್ಡಾಯ ಮಾಡಿತು. ಮೇ ತಿಂಗಳ ಮ್ಯಾಗ್ನೆಟ್ ರಫ್ತು ಹಿಂದಿನ ವರ್ಷದ ಮೇ ತಿಂಗಳಿನ ಸುಮಾರು ಕಾಲು ಭಾಗಕ್ಕೆ ಇಳಿದು, ನಮ್ಮ ವಿದ್ಯುತ್ ಸ್ಕೂಟರ್ ತಯಾರಕರ ತನಕ ಬಿಸಿ ತಟ್ಟಿತು. ಮುಂದಿನ ದಿನಗಳಲ್ಲಿ ಚೀನಾದ ತೂಕ ನಿರ್ಧಾರವಾಗುವುದು ಟನ್ ಲೆಕ್ಕದ ಉಕ್ಕಿಗಿಂತ ಹೆಚ್ಚಾಗಿ ಇಂಥ ಸಣ್ಣ ವಸ್ತುಗಳಲ್ಲಿ. ಇವುಗಳಿಗೆ ಬೇರೆಯೇ ಹಾಳೆ ತೆರೆದು, ಡಾಲರ್ ಬಿಟ್ಟು ಕಿಲೊ ಲೆಕ್ಕ ಬರೆಯಿರಿ.

ಸರ್ಕಾರಿ ಅಂಕಿಯನ್ನು ನಂಬಬಹುದೇ? ಲಿಯಾವೊನಿಂಗ್ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾಗಿದ್ದ, ಮುಂದೆ ಪ್ರಧಾನಿಯಾದ ಲಿ ಕೆಚಿಯಾಂಗ್ 2007ರಲ್ಲಿ, ತಾವು ಜಿಡಿಪಿಗಿಂತ ವಿದ್ಯುತ್ ಬಳಕೆ, ರೈಲು ಸರಕು, ಬ್ಯಾಂಕ್ ಸಾಲವನ್ನೇ ನೋಡುವುದಾಗಿ ಅಮೆರಿಕದ ರಾಯಭಾರಿಗೆ ಹೇಳಿದ್ದರು. ಆ ಉಪಾಯ ಇಂದಿಗೂ ನಡೆಯುತ್ತದೆ, ಒಂದು ತಿದ್ದುಪಡಿಯೊಂದಿಗೆ. 2024ರಲ್ಲಿ ಒಟ್ಟು ವಿದ್ಯುತ್ ಬಳಕೆ 6.8% ಏರಿತು, ಮನೆಗಳ ಬಳಕೆಯೇ 10.6% ಏರಿತ್ತು, ಉದ್ಯಮ ವಲಯದ್ದು 5.1% ಮಾತ್ರ. ಕಾರ್ಖಾನೆಯ ನಾಡಿ ಹಿಡಿಯಲು ಈ ಕೊನೆಯ ಸಂಖ್ಯೆಯನ್ನೇ ಬರೆದುಕೊಳ್ಳಿ. ಹಳೆಯ ಅಂಕಿಗಳನ್ನು ಬ್ಯೂರೊ ಆಗಾಗ ಪರಿಷ್ಕರಿಸುತ್ತದೆ. ಆದ್ದರಿಂದ ಪ್ರತಿ ಸಂಖ್ಯೆಯ ಪಕ್ಕ ಅದನ್ನು ಇಳಿಸಿಕೊಂಡ ದಿನಾಂಕವಿರಲಿ.