ಚಿಮಣಿ ಬುಡದ ಸೋರಿಕೆ ಕೊನೆಗೂ ನಿಂತಿತು

ಈ ಮಳೆಗಾಲ ಪೂರ್ತಿ ಚಿಮಣಿ ಪಕ್ಕದ ಗೋಡೆ ಒಣಗಿಯೇ ಇತ್ತು. "ಚಿಮಣಿ ಕೆಡವದೆ ಇದು ನಿಲ್ಲಲ್ಲ" ಅಂದಿದ್ದ ಮೇಸ್ತ್ರಿಯೇ ಬಂದು ಗೋಡೆ ಮುಟ್ಟಿ ನೋಡಿ ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಬುಡದ ಸುತ್ತ ಡಾಂಬರು ಮೆತ್ತಿದ್ದೆ. ಎಂಟು ತಿಂಗಳಲ್ಲಿ ಬಿಸಿಲಿಗೆ ಸೀಳಿತು. ಎರಡನೇ ಸಲ ದುಬಾರಿ ಸೀಲಂಟ್ (ಬಿರುಕು ಮುಚ್ಚುವ ಅಂಟು), ಐದಾರು ಟ್ಯೂಬ್. ಅದೂ ಬಿಟ್ಟುಕೊಂಡಿತು. ಮೂರನೇ ಸಲ ಚಿಮಣಿ ನೆತ್ತಿಯ ಸಿಮೆಂಟ್ ಒಡೆಸಿ ಹೊಸದು ಹಾಕಿಸಿದೆ, ಅಂಚು ಎರಡು ಇಂಚು ಹೊರಚಾಚಿ. ಬೇಕಾದ ಕೆಲಸವೇ, ಆದರೆ ಸೋರುವುದು ನಿಲ್ಲಲಿಲ್ಲ. ಈ ಮೂರಕ್ಕೆ ಸುರಿದ ದುಡ್ಡು, ಕೊನೆಗೆ ಫಲ ಕೊಟ್ಟ ಕೆಲಸದ ಖರ್ಚಿನ ಎರಡೂವರೆ ಪಟ್ಟು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಮೇಲೆ ಪೈಪ್ ಹಿಡಿದು ಮಾಡು ಹತ್ತಿದೆ. ಯಾವಾಗಲೂ ಕೆಳಗಿನಿಂದ ಶುರು ಮಾಡಬೇಕು. ಮೊದಲೇ ನೆತ್ತಿಗೆ ನೀರು ಬಿಟ್ಟರೆ ಎಲ್ಲ ಕಡೆಯೂ ಒದ್ದೆ, ಏನೂ ಗೊತ್ತಾಗಲ್ಲ. ಒಂದೊಂದು ಜಾಗಕ್ಕೆ ಹದಿನೈದು ನಿಮಿಷ. ಅಟ್ಟದಲ್ಲಿ ಮಗ ಟಾರ್ಚ್ ಹಿಡಿದು ಕೂತಿದ್ದ. ಚಿಮಣಿಯ ಹಿಂಬದಿಗೆ, ಅಂದರೆ ಮಾಡಿನ ನೀರು ಇಳಿದು ಬರುವ ಕಡೆಗೆ, ನೀರು ಬಿಟ್ಟು ಏಳೆಂಟು ನಿಮಿಷ ಆಗಿರಬಹುದು, "ಅಪ್ಪಾ, ಬಂತು!" ಅಂದ. ನೀರು ತೊಲೆಯ ಅಡಿಗುಂಟ ಹರಿದು ಎರಡಡಿ ಈಚೆ ತೊಟ್ಟಿಕ್ಕುತ್ತಿತ್ತು. ನಾವು ಇಷ್ಟು ವರ್ಷ ಕಲೆಯ ನೇರಕ್ಕೆ ಹುಡುಕಿದ್ದೆವು.

ಚಿಮಣಿ ಮಾಡಿಗೆ ಸೇರುವ ಸಂದು ಮುಚ್ಚಿದ್ದ ಹಳೇ ತಗಡು ಒಂದೇ ತುಂಡು. ಇಟ್ಟಿಗೆಗೂ ಮೊಳೆ, ಮಾಡಿಗೂ ಮೊಳೆ. ಮರದ ಮಾಡು ಅಲುಗುತ್ತದೆ, ಚಿಮಣಿ ಅಲುಗಲ್ಲ. ನಡುವೆ ತಗಡು ಸೀಳದೆ ಇನ್ನೇನಾಗುತ್ತೆ? ಎಲ್ಲ ಕಿತ್ತು ಹಾಕಿದೆ. ಪಕ್ಕಗಳಿಗೆ ಹೆಂಚಿನ ಸಾಲಿಗೊಂದರಂತೆ ಮೆಟ್ಟಿಲು ತಗಡು (ಮೆಟ್ಟಿಲಿನಂತೆ ಒಂದರ ಮೇಲೊಂದು ಕೂರುವ ಸಣ್ಣ ತುಂಡುಗಳು), ಮೊಳೆ ಮಾಡಿಗೆ ಮಾತ್ರ. ಅದರ ಮೇಲೆ ಸೀಸದ ಮುಚ್ಚು ತಗಡು. ಗಾರೆ ಸಂದನ್ನು ಗ್ರೈಂಡರ್‌ನಲ್ಲಿ ಒಂದಿಂಚು ಕೊರೆದು, ಅಂಚು ತೂರಿಸಿ, ಬೆಣೆ ಹೊಡೆದೆ. ಮಾಡು ಅಲುಗಿದರೂ ಸೀಳದಿರಲಿ ಅಂತ ಈ ಎರಡು ತಗಡನ್ನು ಒಂದಕ್ಕೊಂದು ಅಂಟಿಸಲಿಲ್ಲ. "ಹಾಗೇ ಬಿಟ್ಟರೆ ಸೋರಲ್ವಾ?" ಅಂತ ಎಲ್ಲರೂ ಕೇಳಿದರು. ಸೋರಲಿಲ್ಲ. ಸೀಸವೇ ಯಾಕೆಂದರೆ, ಅಲ್ಯೂಮಿನಿಯಂ ಅಗ್ಗ, ಆದರೆ ಹಸಿ ಗಾರೆ ಅದನ್ನು ತಿನ್ನುತ್ತದೆ. ಚಿಮಣಿ ಮೂರಡಿ ಅಗಲ ಇರುವುದರಿಂದ ಹಿಂಬದಿಗೆ ನೀರು ಇಬ್ಭಾಗವಾಗಿ ಹರಿಯುವಂತೆ ಸಣ್ಣ ಇಳಿಜಾರು ಕಟ್ಟಿದೆ. ಅದರ ಮೂಲೆಯಲ್ಲಿ ತಗಡನ್ನು ಕತ್ತರಿಸದೆ ಮಡಚುವ ರೀತಿ ನಾನೇ ಕಂಡುಕೊಂಡಿದ್ದು. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ, ಚಿಮಣಿಯ ಇಟ್ಟಿಗೆಗೆ ಏನು ಬಳಿಯಬೇಕು ಅಂತ ನೋಡಲು ಇನ್ನೊಂದು ಪರೀಕ್ಷೆ ಮಾಡಿದೆ. ಎರಡು ಹಳೇ ಇಟ್ಟಿಗೆ ನೆನೆಸಿ, ಒಂದಕ್ಕೆ ದಪ್ಪ ಬಣ್ಣ, ಇನ್ನೊಂದಕ್ಕೆ ಸೈಲೇನ್ ದ್ರಾವಣ (ಹೊರಗಿನ ನೀರು ತಡೆದು ಒಳಗಿನ ತೇವ ಆವಿಯಾಗಲು ಬಿಡುವಂಥದ್ದು) ಬಳಿದು ದಿನಾ ತೂಗಿದೆ. ದ್ರಾವಣದ್ದು ಸುಮಾರು ಹತ್ತು ದಿನಕ್ಕೆ ಹಗುರಾಯಿತು. ಬಣ್ಣದ್ದು ತಿಂಗಳಾದರೂ ಹಸಿ, ಮೇಲ್ಪದರ ಗುಳ್ಳೆ ಎದ್ದಿತ್ತು. ಚಿಮಣಿಗೆ ದ್ರಾವಣವನ್ನೇ ಎರಡು ಕೈ ಹೊಡೆದೆ.