ನೆರೆ ಇಳಿದ ಮನೆ ಒಣಗಬೇಕಾದರೆ ಮಳೆಗೆ ಕಿಟಕಿ ಮುಚ್ಚಿ

ಪಂಪು ಹಾಕಿ ನೀರು ತೆಗೆದು, ಕೆಸರು ತೊಳೆದು ಒರೆಸಿದ ಮೇಲೆ, ಮಳೆ ಇರುವಷ್ಟು ಹೊತ್ತು ಕಿಟಕಿ ಬಾಗಿಲು ಮುಚ್ಚಿ ಫ್ಯಾನ್ ಜೊತೆ ಎಸಿಯನ್ನು ಡ್ರೈ ಮೋಡಿನಲ್ಲಿ (ಗಾಳಿಯ ಪಸೆ ತೆಗೆಯುವ ಸೆಟ್ಟಿಂಗ್) ಓಡಿಸಿ. ಡಿಹ್ಯುಮಿಡಿಫೈಯರ್ (ಗಾಳಿಯ ಪಸೆ ಹೀರುವ ಯಂತ್ರ) ಬಾಡಿಗೆಗೆ ಸಿಕ್ಕಿದರೆ ಇನ್ನೂ ಒಳ್ಳೆಯದು. ನೀರು ತೆಗೆಯುವುದನ್ನೇ ಕಸುಬಾಗಿ ಮಾಡುವವರ ಕ್ರಮವೂ ಇದೇ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಕಾಸರಗೋಡಿನ ಹೊರಗಾಳಿಯೇ ಪಸೆಯಿಂದ ತುಂಬಿರುತ್ತದೆ, ಗೋಡೆಯ ನೀರು ಹೀರಲು ಅದರಲ್ಲಿ ಜಾಗವಿಲ್ಲ. ಬಿಸಿಲು ಬಂದಾಗ ಮಾತ್ರ ಎಲ್ಲ ತೆರೆಯಿರಿ. ಎಸಿಯ ನೀರಿನ ಪೈಪಿನಡಿ ಬಕೆಟ್ ಇಟ್ಟು ದಿನಾ ನೋಡಿ (ನನಗೆ ಬಹಳ ಉಪಯೋಗಕ್ಕೆ ಬಂದದ್ದು ಇದು): ನೀರು ಕಡಿಮೆಯಾಗುತ್ತ ಬಂದರೆ ಕೋಣೆ ಒಣಗುತ್ತಿದೆ. ಕಡಿಮೆಯೇ ಆಗದಿದ್ದರೆ ನೆಲದಡಿಯಿಂದ ಒರತೆ ಏರುತ್ತಿರಬಹುದು. ಮಧುವಾಹಿನಿ, ಚಂದ್ರಗಿರಿ ಬದಿಯ ತಗ್ಗಿನ ಮನೆಗಳವರು ಹೊಳೆ ಇಳಿಯುವ ತನಕ ಕಾಯಲೇಬೇಕು. ಸಂದಿಯಿರುವ ಹಂಚಿನ ಮಾಡಿನ ಮನೆಗೂ ಇದು ಆಗದು, ಎಷ್ಟು ಒಣಗಿಸಿದರೂ ಹೊರಗಿನ ಗಾಳಿ ನುಗ್ಗುತ್ತಲೇ ಇರುತ್ತದೆ. ಮುರಕಲ್ಲಿನ ಗೋಡೆಗೆ ವಾರಗಟ್ಟಲೆ ಬೇಕು, ಪೈಂಟಿಗೆ ಅವಸರ ಬೇಡ. ಸ್ವಿಚ್, ಪ್ಲಗ್, ಎಸಿ ಏನಾದರೂ ನೀರಲ್ಲಿ ಮುಳುಗಿದ್ದರೆ ಎಲೆಕ್ಟ್ರೀಶಿಯನ್ ನೋಡದೆ ದಯವಿಟ್ಟು ಕರೆಂಟ್ ಹಾಕಬೇಡಿ.