ಹೊಸ ಕಾರು ತೊಳೆಯೋದು ಹೇಗೆ? ಮೊದಲು ಗಾಡಿ ಜೊತೆ ಫ್ರೀ ಬರೋ ಆ ಹಳದಿ ಬಟ್ಟೆ ಪಕ್ಕಕ್ಕಿಡಿ

ಹೊಸ ಕಾರು ಮನೆಗೆ ಬಂದು ಐದಾರು ತಿಂಗಳಾದ್ಮೇಲೆ ಯಾವತ್ತಾದ್ರೂ ಸಂಜೆ ಬಿಸಿಲು ಓರೆಯಾಗಿ ಬಾನೆಟ್ ಮೇಲೆ ಬಿದ್ದಾಗ ಸ್ವಲ್ಪ ಬಗ್ಗಿ ನೋಡಿ. ಅದರಲ್ಲೂ ಕಪ್ಪು, ಕಡುನೀಲಿ, ಮರೂನ್ ಗಾಡಿ ಆಗಿದ್ರೆ ಜೇಡರ ಬಲೆ ಥರ ಸುತ್ತು ಸುತ್ತು ಸಣ್ಣ ಗೀರುಗಳು ಎದ್ದು ಕಾಣುತ್ತೆ. ಯಾರೂ ಗುದ್ದಿಲ್ಲ, ಗೋಡೆಗೆ ತಾಗಿಲ್ಲ, ಹಂಗಾದ್ರೆ ಇದೆಲ್ಲಿಂದ ಬಂತು ಅಂತ ಓನರ್ರು ತಲೆ ಕೆರ್ಕೊಳ್ತಾರೆ. ದಿನಾ ಬೆಳಿಗ್ಗೆ ಒರೆಸ್ತಾರಲ್ಲ, ಅಲ್ಲಿಂದಲೇ ಬಂತು ಸ್ವಾಮಿ. ಕಾರನ್ನ ಪ್ರೀತಿಯಿಂದ ನೋಡ್ಕೊಳೋರ ಕಾರಲ್ಲೇ ಈ ಗೀರು ಜಾಸ್ತಿ, ತಿಂಗಳುಗಟ್ಟಲೆ ಧೂಳು ಹಿಡಿದು ನಿಂತಿರೋ ಪಕ್ಕದ ಮನೆ ಗಾಡೀಲಿ ಕಮ್ಮಿ.

ಕಾರಣ ಸಿಂಪಲ್. ತಗಡಿನ ಮೇಲೆ ತುಕ್ಕು ತಡೆಯೋ ಇ-ಕೋಟ್, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಕೊಡೋ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಇವೆಲ್ಲಾ ಸೇರಿದ್ರೂ ದಪ್ಪ ಸುಮಾರು 100ರಿಂದ 130 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ. ಅದರಲ್ಲಿ ಹೊಳಪು ಕೊಡೋದು, ಬಿಸಿಲಿನಿಂದ ಬಣ್ಣ ಕಾಯೋದು ಎಲ್ಲಾ ಮೇಲಿನ ಕ್ಲಿಯರ್ ಕೋಟೇ, ಅದು ಬರೀ 40-50 ಮೈಕ್ರಾನ್. ನಮ್ಮ ಬೆಂಗಳೂರಿನ ಧೂಳಲ್ಲಿ ಏನಿದೆ? ಕಲ್ಲುಪುಡಿ, ಎಂ ಸ್ಯಾಂಡು, ಸಿಮೆಂಟು, ಮೆಟ್ರೋ ಕಾಮಗಾರಿ ಪಕ್ಕ ಅಗೆದು ಹಾಕಿರೋ ಮಣ್ಣು. ಇದು ಕೂತಿರೋ ಬಾನೆಟ್ ಮೇಲೆ ಒಣ ಬಟ್ಟೆ ಎಳೆದ್ರೆ ಮರಳು ಕಾಗದ ಎಳೆದಂಗೇ ಆಯ್ತು. ಗೀರು ಬಿದ್ಮೇಲೆ ಮಷಿನ್ ಪಾಲಿಶ್ ಹಾಕಿಸಿ ತೆಗೆಸ್ಬಹುದು ನಿಜ, ಆದ್ರೆ ಪಾಲಿಶ್ ಅಂದ್ರೆ ಅದೇ ಕ್ಲಿಯರ್ ಕೋಟನ್ನ ಚೂರು ಕೆರೆದು ಮಟ್ಟ ಮಾಡೋದು, ಹೋಗಿದ್ದು ವಾಪಸ್ ಬರಲ್ಲ. ಹಾಗಾಗಿ ಕೆಳಗೆ ಹೇಳೋ ಎಲ್ಲದರ ಹಿಂದೆ ಇರೋ ಲೆಕ್ಕ ಒಂದೇ, ಬಟ್ಟೆ ಬಣ್ಣಕ್ಕೆ ತಾಗೋದು ಎಷ್ಟು ಕಮ್ಮಿ ಆಗುತ್ತೋ ಅಷ್ಟು ಒಳ್ಳೇದು, ತಾಗಲೇಬೇಕು ಅಂದ್ರೆ ಒದ್ದೆಯಾಗಿ ತಾಗಲಿ.

ಡೆಲಿವರಿ ದಿನ

ಗೀರು ಬೀಳೋಕೆ ಶುರುವಾಗೋದು ಶೋರೂಮಲ್ಲೇ. ಕಾರು ಚಕನ್‌ನಿಂದಲೋ ಶ್ರೀಪೆರಂಬುದೂರಿನಿಂದಲೋ ಮಾನೇಸರ್‌ನಿಂದಲೋ ಟ್ರೈಲರ್ರಲ್ಲಿ ಇಲ್ಲಾ ರೈಲಲ್ಲಿ ಬಂದು ಊರಾಚೆ ಯಾರ್ಡಲ್ಲಿ ಬಯಲಲ್ಲೇ ನಿಂತಿರುತ್ತೆ, ಮೈತುಂಬ ಧೂಳು. ಡೆಲಿವರಿಗೆ ಮುಂಚೆ ಗಡಿಬಿಡೀಲಿ ಯಾರೋ ಒಬ್ಬರು ಅದೇ ದಿನ ಹತ್ತು ಗಾಡಿ ಒರೆಸಿದ ಬಟ್ಟೇಲಿ ನಿಮ್ಮದನ್ನೂ ಉಜ್ಜಿ ಪಳಪಳ ಮಾಡಿ ನಿಲ್ಲಿಸ್ತಾರೆ, ಶೋರೂಮ್ ಲೈಟಲ್ಲಿ ಏನೂ ಕಾಣಲ್ಲ. ಅದಕ್ಕೆ ಒಂದೆರಡು ದಿನ ಮುಂಚೇನೇ ಸೇಲ್ಸ್‌ನವರಿಗೆ ವಾಟ್ಸಾಪಲ್ಲಿ ಬರೆದೇ ಹಾಕಿ: ಬರೀ ನೀರು ಹೊಡೆದು ಧೂಳು ಇಳಿಸಿ ಸಾಕು, ಉಜ್ಜಬೇಡಿ, ಪಾಲಿಶ್ ಬೇಡ, ಪ್ಲಾಸ್ಟಿಕ್ ಕವರ್ ನಾವೇ ಕೀಳ್ತೀವಿ. ಒಂಥರಾ ನೋಡ್ತಾರೆ, ನೋಡ್ಲಿ ಬಿಡಿ. ಆಮೇಲೆ ರಿಜಿಸ್ಟ್ರೇಷನ್‌ಗೆ ಮುಂಚೆ ಮೊಬೈಲ್ ಟಾರ್ಚ್ ಹಿಡ್ಕೊಂಡು ಒಂದೊಂದು ಪ್ಯಾನೆಲ್ಲೂ ಓರೆಯಾಗಿ ನೋಡಿ.

ಮುಂದಿನದು ಪೂಜೆ. ಮೈಸೂರು ರೋಡ್ ಗಾಳಿ ಆಂಜನೇಯ ದೇವಸ್ಥಾನದ ಮುಂದೆ ನಿಂತು ನೋಡಿದ್ರೆ ಹೊಸ ಗಾಡಿಗಳ ಸಾಲೇ ಇರುತ್ತೆ. ಪೂಜೆ ಬೇಡ ಅಂತ ಹೇಳ್ತಿಲ್ಲ, ನಮ್ಮ ಮನೇಲೂ ನಿಂಬೆಹಣ್ಣು ಹತ್ತಿಸದೆ ಗಾಡಿ ಮುಂದಕ್ಕೆ ಹೋಗಲ್ಲ. ಪೂಜಾರಿಗಳಿಗೆ ಮೊದಲೇ ಕೇಳ್ಕೊಳಿ, ಸ್ವಸ್ತಿಕ್ಕು, ಗಂಧ, ಕುಂಕುಮ ಎಲ್ಲಾ ಮುಂದಿನ ಗಾಜಿನ ಮೇಲೆ ಇಡಿ ಸ್ವಾಮಿ ಅಂತ, ಬಹಳ ಜನ ಒಪ್ತಾರೆ. ಹಾರ ಕಟ್ಟೋರು ತಂತಿ ಬದಲು ದಾರ ಹಾಕ್ಲಿ, ಮನೆ ಮುಟ್ಟೋವರೆಗೆ ಅದು ಗಾಳಿಗೆ ಪಟಪಟ ಅಂತ ಬಾನೆಟ್‌ಗೆ ಬಡೀತಾ ಬರದಂಗೆ ಅಲ್ಲೇ ಬಿಚ್ಚಿ ಸೀಟಲ್ಲಿಟ್ಕೊಳಿ. ಕುಂಕುಮದ ನೀರು, ಬೂದುಗುಂಬಳದ ರಸ ಹಾರಿದ್ರೆ ಒಣಗೋಕೆ ಬಿಡದೆ ಅವತ್ತೇ ನೀರು ಹಾಕಿ. ಬಿಳಿ ಕಾರಿಗೆ ಅರಿಶಿನ ಅಂಟಿದ್ರೆ ಮಾತ್ರ ಗಾಬರಿ ಬೀಳ್ಬೇಡಿ, ಉಜ್ಜಲೂಬೇಡಿ, ಅರಿಶಿನದ ಬಣ್ಣ ಬಿಸಿಲಿಗೆ ತಾನಾಗೇ ಮಾಸುತ್ತೆ.

ಬೆಳಿಗ್ಗೆ ಬರೋ ಕಾರ್ ಕ್ಲೀನಿಂಗ್ ಅಣ್ಣ

ಅಪಾರ್ಟ್‌ಮೆಂಟಲ್ಲಿರೋರಿಗೆ ಇದು ಸೂಕ್ಷ್ಮ ವಿಷಯ. ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ, ಪಾಪ ಅವರು ಬೆಳಗಿನ ಜಾವವೇ ಬಂದು ಒಂದೇ ಬಕೆಟ್ಟು ಒಂದೇ ಬಟ್ಟೆ ಹಿಡ್ಕೊಂಡು ಬೇಸ್‌ಮೆಂಟಿನ ಅಷ್ಟೂ ಕಾರು ಒರೆಸ್ತಾರೆ, ನಿಮ್ಮ ಸರದಿ ಬರೋ ಹೊತ್ತಿಗೆ ಆ ನೀರು ಕಾಫಿ ಬಣ್ಣಕ್ಕೆ ತಿರುಗಿರುತ್ತೆ. ಅವರನ್ನ ಬಿಡಿಸ್ಬೇಡಿ, ಕೆಲಸ ಬದಲಾಯಿಸಿ. ಅಣ್ಣ, ಬಾಡಿ ಮುಟ್ಬೇಡಿ, ಗಾಜು, ಚಕ್ರ, ಒಳಗಿನ ಮ್ಯಾಟು ನೋಡ್ಕೊಳಿ, ದುಡ್ಡು ಅಷ್ಟೇ ಕೊಡ್ತೀನಿ ಅಂದ್ರೆ ಯಾರು ಬೇಡ ಅಂತಾರೆ? ಡಿಕ್ಕೀಲಿ ಇಟ್ಕೊಂಡು ಆಫೀಸ್ ಪಾರ್ಕಿಂಗಲ್ಲಿ ಜಾಡಿಸೋ ಆ ಉದ್ದ ಕುಚ್ಚಿನ ಡಸ್ಟರು, ಗಾಡಿ ಜೊತೆ ಫ್ರೀ ಬರೋ ಹಳದಿ ಬಟ್ಟೆ, ಎರಡೂ ಇದೇ ಜಾತಿ. ಅವನ್ನ ಡ್ಯಾಶ್‌ಬೋರ್ಡ್‌ಗೆ ಇಟ್ಕೊಳಿ. ಸರ್ವಿಸ್‌ಗೆ ಬಿಡೋವಾಗ ಜಾಬ್ ಕಾರ್ಡ್ ಮೇಲೆ ‘ವಾಷಿಂಗ್ ಬೇಡ’ ಅಂತ ಬರೆಸಿ, ಇಲ್ಲಾಂದ್ರೆ ನೀವು ಮನೇಲಿ ಪಟ್ಟ ಕಷ್ಟ ಎಲ್ಲಾ ಒಂದೇ ಮಧ್ಯಾಹ್ನದಲ್ಲಿ ಹೋಗುತ್ತೆ.

ಯಾವ ನೀರು?

ಪೈಪ್ ಹಿಡ್ಕೊಂಡು ಕಾವೇರಿ ನೀರು ಬಿಡೋದನ್ನ ಮರೆತುಬಿಡಿ. 2024ರ ಮಾರ್ಚಲ್ಲಿ ಬರ ಬಿದ್ದಾಗ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆದ್ರೆ 5000 ರೂಪಾಯಿ ದಂಡ ಅಂತ ಆದೇಶ ಮಾಡ್ತು, ಕೆಲವೇ ದಿನದಲ್ಲಿ 22 ಮನೆಯವರ ಹತ್ರ 1.1 ಲಕ್ಷ ವಸೂಲಿನೂ ಆಯ್ತು. 2025ರ ಫೆಬ್ರವರಿಲಿ ಮತ್ತೆ ಅದೇ ಆದೇಶ, ಮತ್ತೆ ಮತ್ತೆ ಸಿಕ್ಕಿಬಿದ್ರೆ ದಿನಕ್ಕೆ 500 ರೂಪಾಯಿ ಎಕ್ಸ್‌ಟ್ರಾ.

ಸರಿ, ಬೋರ್‌ವೆಲ್ ನೀರು ಇದ್ಯಲ್ಲ ಅಂತೀರಾ. ಇದೆ, ಆದ್ರೆ ಗಡಸು ನೀರು. ಬಕೆಟ್ ಅಂಚಲ್ಲಿ, ಗೀಸರ್ ಕಾಯಿಲಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ಕ್ಯಾಲ್ಸಿಯಂ ಮೆಗ್ನೀಸಿಯಂ ಕಾರಿನ ಮೇಲೆ ನೀರು ಆರಿದ ಕಡೆ ಉಂಗುರ ಉಂಗುರವಾಗಿ ಕೂರುತ್ತೆ, ಬಿಸಿಲಿಗೆ ಬಿಟ್ರೆ ಕ್ಲಿಯರ್ ಕೋಟನ್ನೇ ಕಚ್ಕೊಂಡು ಬಿಡುತ್ತೆ. ಆರ್‌ಓ ಮಷಿನಿಂದ ಹೊರಗೆ ಹೋಗೋ ನೀರು ವೇಸ್ಟ್ ಮಾಡ್ಬೇಡಿ, ಕಾರು ತೊಳೀರಿ ಅಂತ ಎಲ್ಲರೂ ಉಪದೇಶ ಮಾಡ್ತಾರೆ, ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ, ಅದನ್ನ ಚಕ್ರಕ್ಕೆ, ಮಡ್‌ಗಾರ್ಡ್ ಒಳಗೆ ಹಾಕಿ, ಬಾನೆಟ್‌ಗೆ ಬೇಡ. ಎಲ್ಲಕ್ಕಿಂತ ಒಳ್ಳೇದು ಮಳೆನೀರು. 2009ರಿಂದ ಈ ಊರಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಅಲ್ವಾ, ನಿಮ್ಮ ಮನೇಲಿ ಅದಕ್ಕೆ ಸಂಪ್ ಇದ್ರೆ ಅದೃಷ್ಟ. ಇಲ್ಲಾಂದ್ರೆ ಎಸಿ ಪೈಪಿಂದ ತೊಟ್ಟಿಕ್ಕೋ ನೀರು ಹಿಡಿದಿಟ್ಕೊಳಿ, ಅದರಲ್ಲಿ ಲವಣ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಕೊನೇ ಒಂದು ಸಲ ಮೇಲಿಂದ ಸುರಿಯೋಕೆ ಬೇಕಾದಷ್ಟಾಯ್ತು.

ಈಗ ತೊಳೆಯೋಣ

ಬೇಕಾಗಿರೋದು: ಎರಡು ಬಕೆಟ್, ಮೈಕ್ರೋಫೈಬರ್ ಕೈಗವಸು, ಪಿಎಚ್ ನ್ಯೂಟ್ರಲ್ (ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) ಅಂತ ಬರೆದಿರೋ ಕಾರ್ ಶಾಂಪೂ, ನೀರು ಹೀರೋ ದಪ್ಪ ಮೈಕ್ರೋಫೈಬರ್ ಟವಲ್, ಚಕ್ರಕ್ಕೆ ಬೇರೆ ಬ್ರಷ್ಷು ಬೇರೆ ಬಟ್ಟೆ. ಬಕೆಟ್ ತಳಕ್ಕೆ ಹಾಕೋ ಗ್ರಿಟ್ ಗಾರ್ಡ್ ಅಂತ ಜಾಲರಿ ಸಿಗುತ್ತೆ, ಮಣ್ಣು ಅದರ ಕೆಳಗೆ ಉಳಿದ್ಬಿಡುತ್ತೆ, ಸಿಕ್ರೆ ತಗೊಳಿ. ಜೆಸಿ ರೋಡಲ್ಲಿ ಒಂದು ರೌಂಡ್ ಹಾಕಿದ್ರೆ ಇದೆಲ್ಲಾ ಸಿಗುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ ಬೇಡ, ಜಿಡ್ಡಿನ ಜೊತೆ ಬಣ್ಣ ಕಾಯೋಕೆ ಹಚ್ಚಿರೋ ವ್ಯಾಕ್ಸನ್ನೂ (ಮೇಣ) ಕಿತ್ಕೊಂಡು ಹೋಗುತ್ತೆ. ಹಳೇ ಪಂಚೆ, ಬನಿಯನ್ನು, ಸ್ಪಂಜು, ಸೀಮೆಎಣ್ಣೆ ಯಾವುದೂ ಬೇಡ.

ನೆರಳಲ್ಲಿ ನಿಲ್ಲಿಸಿ, ಬಾನೆಟ್ ಮೇಲೆ ಕೈ ಹಿಂಭಾಗ ಇಟ್ಟು ನೋಡಿ, ತಣ್ಣಗಿದ್ರೆ ಮಾತ್ರ ಶುರು ಮಾಡಿ. ಬೆಳಿಗ್ಗೆ ಎಂಟರೊಳಗೆ ಮುಗಿಸೋದು ಬೆಸ್ಟು. ಆಟೋ ವೈಪರ್ ಇದ್ರೆ ಆಫ್ ಮಾಡಿ, ಇಲ್ಲಾಂದ್ರೆ ಮುಖಕ್ಕೇ ಹೊಡೆಯುತ್ತೆ.

ಮೊದಲು ಚಕ್ರ. ಬ್ರೇಕ್ ಪ್ಯಾಡ್ ಸವೆದ ಕಬ್ಬಿಣದ ಪುಡಿ ಅಲ್ಲೇ ಇರೋದು, ಕೊನೇಲಿ ತೊಳೆದ್ರೆ ಅದು ಕ್ಲೀನ್ ಆಗಿರೋ ಬಾಗಿಲಿಗೆ ಹಾರುತ್ತೆ. ಆಮೇಲೆ ಇಡೀ ಗಾಡಿಗೆ ಮೇಲಿಂದ ಕೆಳಗೆ ನೀರು ಬಿಟ್ಟು ಧೂಳು ಇಳಿಸಿ. ಜನ ಅವಸರ ಮಾಡೋದೇ ಈ ಹಂತದಲ್ಲಿ, ಆದ್ರೆ ಅರ್ಧಕ್ಕರ್ಧ ಕೆಲಸ ಇರೋದು ಇಲ್ಲೇ, ನೀರಿಗೆ ಹೋಗೋ ಒಂದೊಂದು ಮರಳಿನ ಕಣವೂ ನಿಮ್ಮ ಕೈಗವಸಿಗೆ ಸಿಗದೆ ತಪ್ಪಿಸ್ಕೊಂಡ ಹಾಗೆ. ಪ್ರೆಷರ್ ವಾಷರ್ ಇದ್ರೆ ಒಂದೂವರೆ ಎರಡಡಿ ದೂರದಿಂದ ಹೊಡೀರಿ, ರೇಡಿಯೇಟರ್ ಕಡೆ, ಸ್ಟಿಕ್ಕರ್ ಅಂಚಿಗೆ ಬೇಡ, ಇವಿ ಆಗಿದ್ರೆ ಚಾರ್ಜಿಂಗ್ ಪೋರ್ಟ್ ಮುಚ್ಚಳ ಸರಿಯಾಗಿ ಮುಚ್ಚಿದೆಯಾ ನೋಡ್ಕೊಂಡು ಅದರ ಹತ್ರ ಹೋಗಲೇಬೇಡಿ. ಫೋಮ್ ಹೊಡೆಯೋ ಕ್ಯಾನ್ ಇದ್ರೆ ಹೊಡೆದು ಒಂದೆರಡು ನಿಮಿಷ ಬಿಡಿ, ಒಣಗೋಕೆ ಬಿಡ್ಬೇಡಿ.

ಈಗ ಒಂದು ಬಕೆಟಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಕೈಗವಸನ್ನ ಶಾಂಪೂ ನೀರಲ್ಲಿ ಅದ್ದಿ ಮೊದಲು ರೂಫು, ಆಮೇಲೆ ಗಾಜು, ಬಾನೆಟ್ಟು, ಬಾಗಿಲುಗಳ ಮೇಲಿನ ಅರ್ಧ. ಕೆಳಗಿನ ಅರ್ಧ, ಬಂಪರು, ಡಿಕ್ಕಿ ಬಾಗಿಲು ಕೊನೆಗೆ, ಗಲೀಜು ಅಲ್ಲೇ ಜಾಸ್ತಿ. ಒತ್ತಬೇಡಿ, ಕೈಗವಸಿನ ಭಾರವೇ ಸಾಕು. ಸುತ್ತು ಸುತ್ತಾಗಿ ಉಜ್ಜೋ ಅಭ್ಯಾಸ ಬಿಟ್ಟು ನೇರವಾಗಿ ಎಳೀರಿ. ಒಂದು ಪ್ಯಾನೆಲ್ ಆದ್ಮೇಲೆ ಬರೀ ನೀರಿನ ಬಕೆಟಲ್ಲಿ ಅಲುಗಾಡಿಸಿ ಹಿಂಡಿ, ಆಮೇಲೇ ಶಾಂಪೂಗೆ ಅದ್ದಿ. ಮುಗಿಸೋ ಹೊತ್ತಿಗೆ ಆ ಎರಡನೇ ಬಕೆಟ್ ತಳ ನೋಡಿದ್ರೆ ಎರಡು ಬಕೆಟ್ ಯಾಕೆ ಅಂತ ಮತ್ತೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಕೈಗವಸು ನೆಲಕ್ಕೆ ಬಿತ್ತಾ? ಅವತ್ತಿಗೆ ಅದರ ಕತೆ ಮುಗೀತು, ಇನ್ನೊಂದು ತಗೊಳಿ.

ಕೊನೇಗೆ ಪೈಪಿನ ನಳಿಕೆ ತೆಗೆದು ನೀರು ಮೆಲ್ಲಗೆ ಹರಿಯೋಕೆ ಬಿಟ್ರೆ ಹಾಳೆ ಥರ ಜಾರಿ ಹೋಗುತ್ತೆ, ಹನಿ ಕಮ್ಮಿ ಉಳಿಯುತ್ತೆ. ದಪ್ಪ ಟವಲ್ ಹಾಸಿ ಒತ್ತಿ ಎತ್ತಿ, ಇಲ್ಲಾ ಮೆತ್ತಗೆ ಒಂದು ಸಲ ಎಳೀರಿ. ಗಾಳಿಗೆ ಒಣಗಲಿ ಅಂತ ಒಂದು ರೌಂಡ್ ಓಡಿಸ್ಕೊಂಡು ಬರೋ ಬುದ್ಧಿವಂತಿಕೆ ಬೇಡ, ಬೋರ್ ನೀರಿನ ಕಲೆ ಹಂಗೇ ಆಗೋದು. ಕಲೆ ಆಗಿಬಿಟ್ಟಿದ್ರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಒದ್ದೆ ಮಾಡಿ ಒಂದು ನಿಮಿಷ ಇಟ್ಟು ಚೆನ್ನಾಗಿ ತೊಳೀರಿ. ಟವಲ್‌ಗಳನ್ನ ಮನೆ ಬಟ್ಟೆ ಜೊತೆ ವಾಷಿಂಗ್ ಮಷಿನ್‌ಗೆ ಹಾಕ್ಬೇಡಿ, ಫ್ಯಾಬ್ರಿಕ್ ಕಂಡೀಷನರ್ ಅಂತೂ ಬೇಡವೇ ಬೇಡ.

ಇಷ್ಟೆಲ್ಲಾ ನೀರು ಎಲ್ಲಿದೆ ನಮ್ಮ ಅಪಾರ್ಟ್‌ಮೆಂಟಲ್ಲಿ ಅನ್ನೋರಿಗೆ ರಿನ್ಸ್‌ಲೆಸ್ ವಾಷ್ ಅಂತ ಇದೆ, ಒರೆಸಿದ ಮೇಲೆ ಮತ್ತೆ ನೀರು ಸುರಿದು ತೊಳೆಯೋ ಅಗತ್ಯ ಇಲ್ಲದ ದ್ರಾವಣ. ಬಾಟಲಿ ಮೇಲೆ ಬರೆದಿರೋ ಅಳತೆಗೆ ಒಂದು ಬಕೆಟ್ ನೀರಲ್ಲಿ ಬೆರೆಸಿ, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ ನೆನೆಸಿ, ಮೊದಲು ಸ್ಪ್ರೇ ಹೊಡೆದು ಧೂಳು ನೆನೆಸಿ, ಒಂದೊಂದು ಪ್ಯಾನೆಲ್‌ಗೆ ಬಟ್ಟೆಯ ಹೊಸ ಮಗ್ಗಲು ತಿರುಗಿಸ್ತಾ ಒರೆಸಿ, ಹಿಂದೆಯೇ ಒಣಗಿಸ್ತಾ ಬನ್ನಿ. ಒಂದೇ ಬಕೆಟಲ್ಲಿ ಕಾರು ಮುಗಿಯುತ್ತೆ. ಆದ್ರೆ ಮಳೆಗಾಲದಲ್ಲಿ ಕೆಸರು ಮೆತ್ತಿರೋ ಗಾಡಿಗೆ ಇದು ಆಗಲ್ಲ, ಮೊದಲು ನೀರು ಬೇಕೇ ಬೇಕು.

ಹಕ್ಕಿ, ಮರ

ಈ ಊರಲ್ಲಿ ನೆರಳು ಅಂದ್ರೆ ಮರ, ಮರ ಅಂದ್ರೆ ಮೇಲಿಂದ ಏನಾದ್ರೂ ಬೀಳೋದೇ. ಪಾರಿವಾಳದ ಹಿಕ್ಕೆ ಆಮ್ಲ, ಮೇಲಾಗಿ ಬಿಸಿಲಿಗೆ ಕ್ಲಿಯರ್ ಕೋಟ್ ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತೆ, ಸಂಜೆ ತಣ್ಣಗಾದಾಗ ಗಟ್ಟಿಯಾದ ಹಿಕ್ಕೆ ಸುತ್ತ ಬಿಗ್ಕೊಳುತ್ತೆ, ಅದೇ ಅಚ್ಚು ಉಳಿದ್ಬಿಡುತ್ತೆ. ನೋಡಿದ ತಕ್ಷಣ ಒದ್ದೆ ಟಿಶ್ಯೂ ಮೇಲೆ ಹಾಕಿ ಐದು ನಿಮಿಷ ಬಿಟ್ಟು ಎತ್ತಿ ತೆಗೀರಿ, ಉಗುರಲ್ಲಿ ಕೆರೀಬೇಡಿ. ಬಾಗಿಲಿನ ಪಾಕೆಟ್ಟಲ್ಲಿ ಒಂದು ಸಣ್ಣ ಸ್ಪ್ರೇ ಬಾಟಲ್ ನೀರು, ಒಂದು ಮೈಕ್ರೋಫೈಬರ್ ಇಟ್ಕೊಂಡ್ರೆ ಸಾಕು. ನೇರಳೆ ಸೀಸನ್ನಲ್ಲಿ ಆ ಮರದ ಕೆಳಗೆ, ಬಾವಲಿ ಕೂರೋ ಆಲ-ಅತ್ತಿ ಮರದ ಕೆಳಗೆ ರಾತ್ರಿ ನಿಲ್ಲಿಸ್ಬೇಡಿ. ಅದಕ್ಕೇ ಕವರ್ ಹಾಕ್ತೀನಿ ಅಂತೀರಾ, ಧೂಳಿರೋ ಗಾಡಿ ಮೇಲೆ ಕವರ್ ಹಾಕಿದ್ರೆ ಗಾಳಿಗೆ ಅದೇ ಉಜ್ಜುತ್ತೆ. ತೊಳೆದ ಗಾಡಿಗೆ ಮಾತ್ರ ಕವರ್ರು.

ಕೋಟಿಂಗ್ ಮಾಡಿಸ್ಬೇಕಾ?

ಶೋರೂಮಲ್ಲಿ ಬಿಲ್‌ಗೆ ಸೇರಿಸೋ ಮುಂಚೆ ಒಂದು ಮಾತು. ಸೆರಾಮಿಕ್ ಅಂದ್ರೆ ಸಿಲಿಕಾದ ತೆಳು ಪದರ, ನೀರು ನಿಲ್ಲಲ್ಲ, ಹಿಕ್ಕೆ ಅಷ್ಟು ಬೇಗ ಕಚ್ಚಲ್ಲ, ತೊಳೆಯೋದು ಸಲೀಸು, ಚೆನ್ನಾಗಿ ನೋಡ್ಕೊಂಡ್ರೆ ಎರಡು ಮೂರು ವರ್ಷ ಬರುತ್ತೆ. ‘9ಎಚ್’ ಅಂತ ತೋರಿಸ್ತಾರಲ್ಲ, ಅದು ಪೆನ್ಸಿಲ್ ಗಡಸುತನದ ಅಳತೆ, ಕಲ್ಲು ತಾಗಿದ್ರೆ ಗೀರು ಬೀಳಲ್ಲ ಅಂತ ಅಲ್ಲ. ಕಲ್ಲೇಟು ತಡೆಯೋದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಮಾತ್ರ, 150ರಿಂದ 200 ಮೈಕ್ರಾನ್ ದಪ್ಪದ, ಟಿಪಿಯು ಅನ್ನೋ ಪ್ಲಾಸ್ಟಿಕ್ಕಿನ ಫಿಲ್ಮು, ಕಾರಿನ ಬಣ್ಣಕ್ಕಿಂತ ಅದೇ ದಪ್ಪ. ರೇಟು ಕೇಳಿದ್ರೆ ಎದೆ ಝಲ್ ಅನ್ನುತ್ತೆ. ದಿನಾ ತುಮಕೂರು ರೋಡಲ್ಲೋ ಹೊಸೂರು ರೋಡಲ್ಲೋ ಲಾರಿಗಳ ಹಿಂದೆ ಓಡಾಡೋರು ಮುಂದಿನ ಬಂಪರು, ಬಾನೆಟ್ಟಿಗೆ ಮಾತ್ರ ಹಾಕಿಸ್ಕೊಂಡ್ರೆ ಸಾಕು ಅನ್ನೋದು ನನ್ನ ಲೆಕ್ಕ. ಎರಡನ್ನೂ ಶೋರೂಮ್ ಬದಲು ಹೊರಗಡೆ ಡೀಟೇಲಿಂಗ್ (ಕಾರಿನ ಪಾಲಿಶ್, ಕೋಟಿಂಗ್ ಕೆಲಸ) ಮಾಡೋರ ಹತ್ರ, ಕೆಲಸ ಕಣ್ಣಾರೆ ನೋಡಿ ಮಾಡಿಸಿ.

ದುಡ್ಡು ಉಳಿಸ್ಬೇಕು ಅನ್ನೋರಿಗೆ ವ್ಯಾಕ್ಸು, ಸೀಲಂಟು ಧಾರಾಳ ಸಾಕು. ಕಾರ್ನೌಬಾ ಅನ್ನೋ ತಾಳೆ ಜಾತಿ ಮರದ ಎಲೆಯ ವ್ಯಾಕ್ಸ್ ಒಂದೆರಡು ತಿಂಗಳು, ಸಿಂಥೆಟಿಕ್ ಸೀಲಂಟ್ ನಾಲ್ಕೈದು ತಿಂಗಳು ಬರುತ್ತೆ. ಹಾಕೋ ಮುಂಚೆ ತೊಳೆದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಒಳಗೆ ಕೈ ಹಾಕಿ ಸವರಿ ನೋಡಿ. ತರಿತರಿ ಸಿಕ್ರೆ ರೈಲು, ಯಾರ್ಡಿನ ಕಬ್ಬಿಣದ ಪುಡಿ ಕೂತಿದೆ ಅಂತ. ಅದಕ್ಕೆ ಐರನ್ ರಿಮೂವರ್ ಹೊಡೆದ್ರೆ ನೇರಳೆ ಬಣ್ಣಕ್ಕೆ ತಿರುಗಿ ಕರಗಿ ಹೋಗುತ್ತೆ, ಉಳಿದಿದ್ದಕ್ಕೆ ಕ್ಲೇ ಬಾರ್ (ಕೊಳೆ ಅಂಟಿಸ್ಕೊಂಡು ಬರೋ ಜೇಡಿಮಣ್ಣಿನಂಥ ಮೆತ್ತನೆ ಉಂಡೆ), ಅದೂ ಜಾರೋ ದ್ರಾವಣ ಹೊಡ್ಕೊಂಡೇ. ಆಮೇಲೆ ವ್ಯಾಕ್ಸನ್ನ ಒಂದು ಪ್ಯಾನೆಲ್‌ಗೆ ತೆಳ್ಳಗೆ ಸವರಿ, ಮಸುಕಾದ್ಮೇಲೆ ಬೆರಳಲ್ಲಿ ಎಳೆದು ನೋಡಿ, ಕ್ಲೀನಾಗಿ ಬಂದ್ರೆ ಮೈಕ್ರೋಫೈಬರಲ್ಲಿ ತೆಗೀರಿ. ಕಪ್ಪು ಪ್ಲಾಸ್ಟಿಕ್‌ಗೆ ತಾಗಿಸ್ಬೇಡಿ, ಬಿಳಿ ಕಲೆ ಹೋಗಲ್ಲ. ಮ್ಯಾಟ್ ಫಿನಿಶ್ ಗಾಡಿಗೆ ಮಾಮೂಲಿ ವ್ಯಾಕ್ಸ್ ಹಾಕಂಗಿಲ್ಲ.

ಹೊಸ ಬಣ್ಣ ಆರಬೇಕು, ಆರು ತಿಂಗಳು ಏನೂ ಹಚ್ಚಬೇಡಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಫ್ಯಾಕ್ಟರೀಲಿ ಬಣ್ಣವನ್ನ ಸುಮಾರು 140 ಡಿಗ್ರೀಲಿ ಬೇಯಿಸಿರ್ತಾರೆ, ನಿಮ್ಮ ಕೈಗೆ ಬರೋ ಹೊತ್ತಿಗೆ ಅದು ಪೂರ್ತಿ ಗಟ್ಟಿ, ಮೊದಲನೇ ವಾರವೇ ವ್ಯಾಕ್ಸ್ ಹಾಕ್ಬಹುದು. ಆ ಮಾತು ಹೊಂದೋದು ಗ್ಯಾರೇಜಲ್ಲಿ ಮತ್ತೆ ಪೇಂಟ್ ಮಾಡಿಸಿದ ಬಂಪರಿಗೋ ಬಾಗಿಲಿಗೋ, ಅಲ್ಲಿ ಬೂತಲ್ಲಿ 60 ಡಿಗ್ರಿ ಆಸುಪಾಸಷ್ಟೇ ಕಾಯಿಸೋದು. ಅಂಥ ಪ್ಯಾನೆಲ್ ಇದ್ರೆ ಒಂದು ತಿಂಗಳು ಬರೀ ನೀರು, ಶಾಂಪೂ ಹಾಕ್ತಾ ಇರಿ, ವ್ಯಾಕ್ಸು ಆಮೇಲೆ.